ಸಂತೆ, ದೇಗುಲ ಮತ್ತು ಬಿಟ್ಟಿ

ಹೋದ ವರ್ಷ ನನ್ನ ಹಳೆಯ ಲ್ಯಾಪ್‌ಟಾಪ್ ಎದ್ದು ಕೂರಲು ಹತ್ತು ನಿಮಿಷ ತೆಗೆದುಕೊಳ್ಳತೊಡಗಿದಾಗ ನಮ್ಮ ಕಾಲೇಜಿನ ಬಿ.ಎಸ್ಸಿ. ಹುಡುಗನೊಬ್ಬ ಮನೆಗೆ ಬಂದು ಅದಕ್ಕೆ ಲಿನಕ್ಸ್ ಹಾಕಿಕೊಟ್ಟ. ಪೆನ್‌ಡ್ರೈವ್ ಸಿಕ್ಕಿಸಿ, ಪರದೆಯ ಮೇಲೆ ಸಾಲುಗಳು ಓಡುವುದನ್ನು ನೋಡುತ್ತಾ ಕೂತ ಮುಕ್ಕಾಲು ಗಂಟೆಯಲ್ಲಿ ಅವನು ಅಭಿಪ್ರಾಯಗಳ ಮಳೆಯನ್ನೇ ಸುರಿಸಿದ. "ವಿಂಡೋಸ್ ಅಂದ್ರೆ ಬಾಡಿಗೆ ಮನೆ ಇದ್ದ ಹಾಗೆ ಸರ್, ಮೊಳೆ ಹೊಡೆಯೋಕೂ ಮಾಲೀಕರನ್ನ ಕೇಳ್ಬೇಕು. ಇದು ನಮ್ದೇ." "ಇದರ ಕೋಡನ್ನ ಸಾವಿರಾರು ಜನ ನೋಡ್ತಾ ಇರ್ತಾರೆ ಸರ್. ಎಲ್ಲಿ ತಪ್ಪಿದ್ರೂ ಯಾರಾದ್ರೂ ಹಿಡಿದೇ ಹಿಡೀತಾರೆ." "ಇದೊಂಥರಾ ಸಂತೆ. ಯಾರೂ ಯಜಮಾನ ಇಲ್ಲ, ಆದ್ರೂ ಎಲ್ಲ ನಡೀತದೆ."

ಅವನ ಉತ್ಸಾಹ ನನಗೆ ಇಷ್ಟವಾಯಿತು. ಆದರೆ ಮೂವತ್ತು ವರ್ಷ ಪಾಠ ಮಾಡಿದ ಕಿವಿಗೆ ಒಂದು ಕೆಟ್ಟ ಚಟವಿದೆ. ಯಾರಾದರೂ ಸಲೀಸಾಗಿ ಮಾತಾಡಿದರೆ ಅದರ ಹಿಂದಿನ ಪಠ್ಯ ಯಾವುದು ಎಂದು ಹುಡುಕಲು ಹೊರಡುತ್ತದೆ. ಸಾವಿರ ಕಣ್ಣುಗಳು, ಸಂತೆ, ಯಜಮಾನನಿಲ್ಲದ ವ್ಯವಸ್ಥೆ ಎಂಬ ಈ ಮಾತುಗಳು ಹುಡುಗನವಲ್ಲ. ಅವನು ಓದಿರದ ಒಂದು ಪ್ರಬಂಧದವು. "ಎಲ್ಲಿ ಓದಿದೆಯೋ ಇದನ್ನ?" ಎಂದರೆ "ಎಲ್ಲರೂ ಹೇಳ್ತಾರಲ್ಲ ಸರ್" ಎಂದ. ಕರ್ತೃವಿನ ಹೆಸರು ಕಳಚಿ ಬಿದ್ದು ಮಾತು ಮಾತ್ರ ಜನರ ಬಾಯಲ್ಲಿ ಉಳಿಯುವುದು ಗಾದೆಗಳ ಹಣೆಬರಹ. ತಂತ್ರಾಂಶದ ಲೋಕದಲ್ಲಿ ಇಪ್ಪತ್ತೈದು ಮೂವತ್ತು ವರ್ಷಗಳಲ್ಲೇ ಅದು ಆಗಿಬಿಟ್ಟಿದೆ. ಗಾದೆಯಾದ ಮಾತನ್ನು ಯಾರೂ ಪರೀಕ್ಷಿಸುವುದಿಲ್ಲ. ಹಾಗಾಗಿ ಆ ಪ್ರಬಂಧವನ್ನು ಒಮ್ಮೆ ಸಾಹಿತ್ಯದ ವಿದ್ಯಾರ್ಥಿಯ ಹಾಗೆ ಕೂತು ಓದಿದೆ. ಆ ಓದಿನ ಟಿಪ್ಪಣಿ ಇದು.

ಪ್ರಬಂಧದ ಹೆಸರು 'ದಿ ಕೆಥೆಡ್ರಲ್ ಅಂಡ್ ದಿ ಬಜಾರ್'. ಬರೆದವರು ಎರಿಕ್ ರೇಮಂಡ್ ಎಂಬ ಅಮೆರಿಕನ್ ಪ್ರೋಗ್ರಾಮರ್. 1997ರ ಮೇ ತಿಂಗಳಲ್ಲಿ ಜರ್ಮನಿಯ ವ್ಯೂರ್ಟ್ಸ್‌ಬರ್ಗ್ ನಗರದ ಲಿನಕ್ಸ್ ಸಮ್ಮೇಳನದಲ್ಲಿ ಮೊದಲು ಓದಿದ್ದು. ಮರುವರ್ಷದ ಜನವರಿಯಲ್ಲಿ ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರಿನ ಸೋರ್ಸ್ ಕೋಡನ್ನು ಎಲ್ಲರಿಗೂ ತೆರೆದಿಡುವುದಾಗಿ ಘೋಷಿಸಿದಾಗ ಆ ನಿರ್ಧಾರದ ಹಿಂದೆ ಈ ಪ್ರಬಂಧದ ಒತ್ತಾಸೆಯಿತ್ತು. ಇವತ್ತಿನ ಫೈರ್‌ಫಾಕ್ಸ್ ಆ ವಂಶದ ಕುಡಿ. ಒಂದು ಪ್ರಬಂಧ ಓದಿ ಒಂದು ಕಂಪನಿ ತನ್ನ ತಿಜೋರಿಯ ಬಾಗಿಲು ತೆರೆಯಿತು ಎಂದರೆ ನಮ್ಮ ಪ್ರಬಂಧಕಾರರಿಗೆ ಸ್ವಲ್ಪ ಹೊಟ್ಟೆಕಿಚ್ಚಾಗಬೇಕು. 1999ರಲ್ಲಿ ಅದು ಪುಸ್ತಕವಾಗಿಯೂ ಬಂತು.

ಮೊದಲು ಅದರ ಚೆಲುವನ್ನು ಒಪ್ಪಿಕೊಳ್ಳಬೇಕು. ಅದು ಸಿದ್ಧಾಂತದಂತೆ ಶುರುವಾಗುವುದಿಲ್ಲ, ಅನುಭವ ಕಥನದಂತೆ ಶುರುವಾಗುತ್ತದೆ. ರೇಮಂಡ್ ಅವರಿಗೆ ಒಂದು ಸಣ್ಣ ಕಿರಿಕಿರಿ: ತಮ್ಮ ಈಮೇಲ್ ಮನೆಯ ಕಂಪ್ಯೂಟರಿಗೆ ತಾನಾಗಿ ಬಂದು ಬೀಳಬೇಕು, ಬೀಳುತ್ತಿಲ್ಲ. ಇದ್ದ ಒಂದೆರಡು ಪ್ರೋಗ್ರಾಮುಗಳನ್ನು ನೋಡುತ್ತಾರೆ. ಅವುಗಳಲ್ಲಿ ಒಂದು ಕಾರ್ಲ್ ಹ್ಯಾರಿಸ್ ಎಂಬುವರು ಬರೆದ ಪಾಪ್‌ಕ್ಲೈಂಟ್. ಹ್ಯಾರಿಸ್ ಅವರಿಗೆ ಅದರ ಮೇಲೆ ಆಸಕ್ತಿ ಹೋಗಿದೆ. ನೀವೇ ಇಟ್ಟುಕೊಳ್ಳಿ ಎಂದು ಕೊಟ್ಟುಬಿಡುತ್ತಾರೆ. ರೇಮಂಡ್ ಅದನ್ನು ತಿದ್ದುತ್ತಾ, ಬಳಸುವವರಿಂದ ಸಲಹೆ ಕೇಳುತ್ತಾ, ಬೇಗ ಬೇಗ ಹೊಸ ಆವೃತ್ತಿ ಬಿಡುತ್ತಾ ಹೋಗಿ ಅದು ಫೆಚ್‌ಮೇಲ್ ಎಂಬ ಹೆಸರಿನಲ್ಲಿ ಹೊಸ ಜನ್ಮ ಪಡೆಯುತ್ತದೆ. ಕಥೆಯ ನಡುನಡುವೆ ಹತ್ತೊಂಬತ್ತು ಪಾಠಗಳು, ಒಂದೊಂದೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬಹುದಾದವು. ಕಣ್ಣುಗಳು ಸಾಕಷ್ಟಿದ್ದರೆ ದೋಷಗಳೆಲ್ಲ ಮೇಲ್ಪದರದಲ್ಲೇ ಸಿಗುತ್ತವೆ ಎಂಬುದು ಅವುಗಳಲ್ಲಿ ಅತಿ ಪ್ರಸಿದ್ಧ. ರೇಮಂಡ್ ಅದಕ್ಕೆ 'ಲಿನಸ್ ನಿಯಮ' ಎಂದು ಹೆಸರಿಟ್ಟರು. ಲಿನಕ್ಸ್ ಶುರುಮಾಡಿದ ಲಿನಸ್ ಟೊರ್ವಾಲ್ಡ್ಸ್ ಆ ನಿಯಮವನ್ನು ಬರೆದವರಲ್ಲ, ಅದು ಅವರಿಗೆ ಬಂದ ಬಿರುದು. ಆಶ್ರಯದಾತನ ಹೆಸರನ್ನು ಕೃತಿಗೆ ಇಟ್ಟು ತಾನು ಹಿಂದೆ ಸರಿದು ನಿಲ್ಲುವ ಕವಿಗಳನ್ನು ನಾವು ಬಲ್ಲೆವು.

ಈಗ ತಗಾದೆ. ಈ ಪ್ರಬಂಧದ ಹೆಸರು ಕೇಳಿದವರೆಲ್ಲ ಕೆಥೆಡ್ರಲ್ ಎಂದರೆ ಮೈಕ್ರೋಸಾಫ್ಟ್, ಬಜಾರ್ ಎಂದರೆ ಲಿನಕ್ಸ್ ಎಂದುಕೊಂಡಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಪಠ್ಯ ಬೇರೆ ಹೇಳುತ್ತದೆ. ಅಲ್ಲಿ ಕೆಥೆಡ್ರಲ್ ಮಾದರಿಗೆ ಕೊಟ್ಟ ಉದಾಹರಣೆಗಳಲ್ಲಿ ಮುಖ್ಯವಾದದ್ದು ಜಿಎನ್‌ಯು ಇಮ್ಯಾಕ್ಸ್, ಅಂದರೆ ರಿಚರ್ಡ್ ಸ್ಟಾಲ್ಮನ್ ಅವರ ಸ್ವತಂತ್ರ ತಂತ್ರಾಂಶ ಚಳವಳಿಯ ಅಚ್ಚುಮೆಚ್ಚಿನ ಕೂಸು. ಜಗಳ ಇದ್ದದ್ದು ಮನೆಯೊಳಗೇ. ಎರಡೂ ಕಡೆಯ ಕೋಡ್ ಎಲ್ಲರಿಗೂ ತೆರೆದದ್ದೇ. ವ್ಯತ್ಯಾಸ ಕೆಲಸ ಮಾಡುವ ರೀತಿಯಲ್ಲಿ. ಕೆಲವೇ ನುರಿತವರು ಬಾಗಿಲು ಹಾಕಿಕೊಂಡು ಕೆತ್ತಿ, ಪೂರ್ತಿಯಾದ ಮೇಲೆ ತೋರಿಸುವುದು ಒಂದು. ಹಸಿಹಸಿಯಾಗಿರುವಾಗಲೇ ಬೀದಿಗಿಟ್ಟು ಬಂದವರ ಕೈಯಲ್ಲೆಲ್ಲ ತಿದ್ದಿಸುವುದು ಇನ್ನೊಂದು. ಇದನ್ನು ಜನ ಒಳ್ಳೆಯವರು ಕೆಟ್ಟವರ ಕಥೆಯಾಗಿ ಬದಲಿಸಿಕೊಂಡರು. ಒಮ್ಮೆ ಹಾಗೆ ಬದಲಾದ ಮೇಲೆ ಸಂತೆಯ ಬಗ್ಗೆ ಪ್ರಶ್ನೆ ಕೇಳುವುದೇ ದ್ರೋಹದಂತೆ ಕಾಣತೊಡಗಿತು. ಕಂಪ್ಯೂಟರ್ ಬಳಸುವ ಹುಡುಗರ ಬಳಗಗಳಲ್ಲಿ ಯಾವ ಎಡಿಟರ್ ಉತ್ತಮ, ಯಾವ ಲಿನಕ್ಸ್ ಶುದ್ಧ ಎಂಬ ವಾದಗಳು ಮಡಿ ಮೈಲಿಗೆಯ ಧಾಟಿಗೆ ಏರುವುದನ್ನು ನೀವೂ ನೋಡಿರಬಹುದು. ತಮ್ಮ ಪರದೆಯ ಚಿತ್ರ ತೆಗೆದು, ಬಣ್ಣ ಹೊಂದಿಸಿ, ಮೂಲೆಯಲ್ಲಿ ಗಡಿಯಾರವಿಟ್ಟು ಹಂಚಿಕೊಳ್ಳುವವರ ಬಗ್ಗೆ ನನಗೆ ತಕರಾರಿಲ್ಲ. ಬೆಳಗಾಗೆದ್ದು ಅಂಗಳಕ್ಕೆ ರಂಗೋಲಿ ಬಿಡುವುದಕ್ಕೂ ಅದಕ್ಕೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಎದುರುಮನೆಯ ರಂಗೋಲಿ ನೋಡಿ ಅವರ ಚಾರಿತ್ರ್ಯ ನಿರ್ಧರಿಸಲು ಹೊರಟಾಗ ಮಾತ್ರ ಕಷ್ಟ.

ರೂಪಕಕ್ಕೆ ಬರೋಣ. ಕೆಥೆಡ್ರಲ್ ಎಂದರೆ ಮೌನ, ಗಾಂಭೀರ್ಯ, ಒಬ್ಬನ ಯೋಜನೆ. ಬಜಾರ್ ಎಂದರೆ ಗದ್ದಲ, ನೂರು ದಾರಿ, ಆದರೂ ಕೊನೆಗೆ ಕೂಡಿಬರುವ ಪವಾಡ ಎಂಬುದು ಪ್ರಬಂಧದ ಎಣಿಕೆ. ಯುರೋಪಿನ ಕೆಥೆಡ್ರಲ್‌ಗಳೇ ತಲೆಮಾರುಗಳ ಕಾಲ ನೂರಾರು ಕಲ್ಲುಕುಟಿಗರ ಕೈಯಲ್ಲಿ ಎದ್ದವು ಎಂಬುದು ಆಚೆಗಿರಲಿ. ನಮ್ಮ ಕಡೆಯಿಂದ ಓದುವವನಿಗೆ 'ದೇಗುಲ' ಎಂದ ಕೂಡಲೇ ನೆನಪಾಗುವುದು ಬೇಲೂರು, ಸೋಮನಾಥಪುರ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಾವು ಕಡೆದ ವಿಗ್ರಹಗಳ ಅಡಿಯಲ್ಲಿ ಹೆಸರು ಬರೆದುಕೊಂಡಿದ್ದಾರೆ. 13ನೇ ಶತಮಾನದ ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಗೋಡೆಯುದ್ದಕ್ಕೂ ಮತ್ತೆ ಮತ್ತೆ ಸಿಗುತ್ತದೆ. ಅದೇ ಹೆಸರು ನುಗ್ಗೇಹಳ್ಳಿಯಲ್ಲೂ ಇದೆ. ಯಾವ ಕೈ ಯಾವ ಕಲ್ಲನ್ನು ಮುಟ್ಟಿತು ಎಂಬ ಲೆಕ್ಕ ಅಲ್ಲಿದೆ. ಇವತ್ತಿನ ತಂತ್ರಾಂಶದ ಕೆಲಸದಲ್ಲಿ ಪ್ರತಿ ತಿದ್ದುಪಡಿಯ ಪಕ್ಕದಲ್ಲಿ ತಿದ್ದಿದವರ ಹೆಸರು, ದಿನ, ಗಂಟೆ ದಾಖಲಾಗುತ್ತದಲ್ಲ, ಅದನ್ನು ಹುಡುಗ ನನಗೆ ತೋರಿಸಿದಾಗ ತಟ್ಟನೆ ನೆನಪಾದದ್ದು ಮಲ್ಲಿತಮ್ಮ. ಅಂದಮೇಲೆ ಈ ತೆರೆದ ತಂತ್ರಾಂಶ ಸಂತೆಗಿಂತ ದೇಗುಲಕ್ಕೇ ಹತ್ತಿರವಲ್ಲವೇ ಎಂದು ಕೇಳಿದೆ. ಅವನು ತಲೆ ಕೆರೆದುಕೊಂಡ.

ಇನ್ನು ಸಂತೆ. ಯಜಮಾನನಿಲ್ಲದ ಸಂತೆಯನ್ನು ಕಲ್ಪಿಸಿಕೊಳ್ಳಬೇಕಾದರೆ ಸಂತೆಗೆ ಪ್ರವಾಸಿಯಾಗಿ ಹೋಗಿರಬೇಕು. ನಮ್ಮೂರ ವಾರದ ಸಂತೆಯಲ್ಲಿ ಸೊಪ್ಪಿನವಳು ಎಲ್ಲಿ ಕೂರಬೇಕು, ಒಣಮೀನಿನವನು ಎಲ್ಲಿ ಎಂಬುದು ಅಜ್ಜನ ಕಾಲದಿಂದ ನಿಶ್ಚಯವಾಗಿದೆ. ಒಂದು ಮೊಳ ಆಚೀಚೆ ಗೋಣಿ ಹಾಸಿದರೆ ಜಗಳ. ಸುಂಕ ವಸೂಲಿಯ ಹಕ್ಕು ವರ್ಷಕ್ಕೊಮ್ಮೆ ಹರಾಜಾಗುತ್ತದೆ, ಹರಾಜು ಹಿಡಿದವನ ಹುಡುಗ ಚೀಟಿ ಹರಿದುಕೊಡುತ್ತಾ ಬರುತ್ತಾನೆ. ಸಂಜೆ ಎಲ್ಲ ಎದ್ದು ಹೋದ ಮೇಲೆ ಕೋಸಿನ ಎಲೆ, ಕೊಳೆತ ಟೊಮೆಟೊ, ಪ್ಲಾಸ್ಟಿಕ್ಕಿನ ನಡುವೆ ಇಬ್ಬರು ಹೆಂಗಸರು ಪೊರಕೆ ಹಿಡಿದು ನಿಂತಿರುತ್ತಾರೆ. ರೇಮಂಡ್ ಅವರ ಬಜಾರಿನಲ್ಲಿ ಇವರು ಯಾರೂ ಇಲ್ಲ. ಅಲ್ಲಿ ಮಧ್ಯಾಹ್ನದ ಗದ್ದಲವಿದೆ, ಸಂಜೆಯಿಲ್ಲ. ನನ್ನ ಮುಖ್ಯ ದೂರು ಇದು. ರೂಪಕ ಸುಳ್ಳು ಎಂದು ನಾನು ಹೇಳುವುದಿಲ್ಲ. ಅದು ಅರ್ಧ ದಿನದ ರೂಪಕ. ಉಳಿದರ್ಧ ದಿನದಲ್ಲಿ ಏನಾಗುತ್ತದೆ ಎಂಬುದನ್ನು ಜಗತ್ತು ಆಮೇಲೆ ಕಲಿಯಬೇಕಾಯಿತು.

2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಬೆಳಕಿಗೆ ಬಂತು. ಜಗತ್ತಿನ ಅಸಂಖ್ಯ ಜಾಲತಾಣಗಳು ಗುಟ್ಟಿನ ಮಾತಾಡಲು ನೆಚ್ಚಿಕೊಂಡ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಅದು 2012ರಿಂದಲೇ ಕೂತಿತ್ತು. ಕೋಡ್ ತೆರೆದೇ ಇತ್ತು, ಯಾರು ಬೇಕಾದರೂ ನೋಡಬಹುದಿತ್ತು. ಎರಡು ವರ್ಷ ಯಾರೂ ನೋಡಲಿಲ್ಲ. ಅದನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯಷ್ಟು ಜನ ಎಂಬುದು ಅನಾಹುತದ ನಂತರವೇ ಹೊರಗಿನವರಿಗೆ ತಿಳಿದದ್ದು. ನೋಡಬಹುದು ಎಂಬುದಕ್ಕೂ ನೋಡುತ್ತಾರೆ ಎಂಬುದಕ್ಕೂ ಇರುವ ಅಂತರ ವ್ಯಾಕರಣದ ಮೊದಲ ತರಗತಿಯದು. 'ಲಿನಸ್ ನಿಯಮ' ಆ ಅಂತರವನ್ನು ನುಂಗಿಕೊಂಡು ಮುಂದೆ ಹೋಗಿತ್ತು.

ಅದಕ್ಕಿಂತ ಕಳವಳದ ಪ್ರಸಂಗ 2024ರದು. ಎಕ್ಸ್‌ಜೆಡ್ ಎಂಬುದು ಕಡತಗಳನ್ನು ಒತ್ತಿ ಚಿಕ್ಕದಾಗಿಸುವ ಸಣ್ಣ ಸಾಧನ. ಲಿನಕ್ಸ್ ಇರುವ ಕಡೆಯೆಲ್ಲ ಅದು ಇರುತ್ತದೆ, ಗೋಡೆಯೊಳಗಿನ ಪೈಪಿನ ಹಾಗೆ ಕಣ್ಣಿಗೆ ಬೀಳದೆ. ಬಹುಕಾಲ ಅದನ್ನು ನೋಡಿಕೊಂಡು ಬಂದವರು ಒಬ್ಬರೇ, ಅದೂ ಬಿಡುವಿನ ವೇಳೆಯಲ್ಲಿ. 2021ರ ಸುಮಾರಿಗೆ 'ಜಿಯಾ ಟಾನ್' ಎಂಬ ಹೆಸರಿನವರೊಬ್ಬರು ಸಹಾಯಕ್ಕೆ ಬಂದರು. ವಿನಯವಂತರು, ಕೆಲಸಗಾರರು. ಮರುವರ್ಷ ಬೇರೆ ಬೇರೆ ಹೆಸರುಗಳಿಂದ ದೂರುಗಳು ಬರತೊಡಗಿದವು: ಕೆಲಸ ನಿಧಾನ, ನಿಮ್ಮ ಕೈಲಿ ಆಗದಿದ್ದರೆ ಬೇರೆಯವರಿಗೆ ಬಿಡಿ. ಆ ದಣಿದ ಮನುಷ್ಯ ಕೊನೆಗೆ ಹೊಸಬರಿಗೆ ಜವಾಬ್ದಾರಿಯಲ್ಲಿ ಪಾಲು ಕೊಟ್ಟರು. 2024ರ ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ ಬಂದ ಆವೃತ್ತಿಗಳಲ್ಲಿ ಒಂದು ಕಳ್ಳಬಾಗಿಲು ಸೇರಿಕೊಂಡಿತ್ತು. ಜಿಯಾ ಟಾನ್ ಯಾರೆಂಬುದು ಪತ್ತೆಯಾಗಿಲ್ಲ. ದೂರು ಬರೆದ ಹೆಸರುಗಳೂ ಅದೇ ನಾಟಕದ ಪಾತ್ರಗಳೆಂದು ಬಲವಾದ ಅನುಮಾನ. ಮಾರ್ಚ್ 29ರಂದು ಅದನ್ನು ಬಯಲು ಮಾಡಿದವರು ಆಂಡ್ರೆಸ್ ಫ್ರಾಯಂಡ್ ಎಂಬ ಇಂಜಿನಿಯರ್. ಅವರು ಕೋಡ್ ಓದಿ ಹಿಡಿದದ್ದಲ್ಲ. ಇನ್ನೇನನ್ನೋ ಅಳೆಯುತ್ತಿದ್ದಾಗ ಲಾಗಿನ್ ಆಗಲು ಅರ್ಧ ಸೆಕೆಂಡು ತಡವಾಗುತ್ತಿರುವುದು ಅವರಿಗೆ ಕಂಡಿತು, ಯಾಕೆ ಎಂದು ಬೆನ್ನು ಹತ್ತಿದರು. ಅಂದಹಾಗೆ ಅವರು ಕೆಲಸ ಮಾಡುತ್ತಿದ್ದದ್ದು ಮೈಕ್ರೋಸಾಫ್ಟ್‌ನಲ್ಲಿ. ನಮ್ಮ ಹುಡುಗನ ಬಾಡಿಗೆ ಮನೆಯ ಮಾಲೀಕರ ಕಡೆಯವರು!

ಈ ಪ್ರಸಂಗವನ್ನು ಮನಸ್ಸಿನಲ್ಲಿಟ್ಟುಕೊಂಡು ರೇಮಂಡ್ ಅವರ ಪ್ರಬಂಧಕ್ಕೆ ಮರಳಿದರೆ ಐದನೆಯ ಪಾಠದ ಹತ್ತಿರ ಕಾಲು ನಿಲ್ಲುತ್ತದೆ. ನಿಮಗೆ ಒಂದು ಪ್ರೋಗ್ರಾಮಿನಲ್ಲಿ ಆಸಕ್ತಿ ಹೋದರೆ ಅದನ್ನು ಸಮರ್ಥನಾದ ಉತ್ತರಾಧಿಕಾರಿಗೆ ಒಪ್ಪಿಸುವುದು ನಿಮ್ಮ ಕೊನೆಯ ಕರ್ತವ್ಯ ಎಂಬರ್ಥದ ಪಾಠ ಅದು. ಕಾರ್ಲ್ ಹ್ಯಾರಿಸ್ ಪಾಪ್‌ಕ್ಲೈಂಟನ್ನು ಕೊಟ್ಟುಹೋದ ದೃಶ್ಯದಿಂದ ಹುಟ್ಟಿದ್ದು. ಪ್ರಬಂಧದಲ್ಲಿ ಆ ದೃಶ್ಯ ನಾಲ್ಕಾರು ಸಾಲುಗಳಲ್ಲಿ ಮುಗಿಯುತ್ತದೆ. ಕೊಟ್ಟವರಿಗೆ ಬೇಸರವಾಗಿತ್ತೇ, ಸುಸ್ತಾಗಿತ್ತೇ, ಅವರಿಗೆ ಯಾರಾದರೂ ಥ್ಯಾಂಕ್ಸ್ ಹೇಳಿದರೇ, ನಿರೂಪಕನಿಗೆ ಅದು ಮುಖ್ಯವಲ್ಲ. ಕೈಗೆ ಬಂದ ಸೊತ್ತಿನ ಸಂಭ್ರಮದಲ್ಲಿ ಅವನು ಮುಂದಕ್ಕೆ ಹೊರಟಿದ್ದಾನೆ. ಕೆಲವು ವರ್ಷಗಳ ನಂತರ ರೇಮಂಡ್ ಕೂಡ ಫೆಚ್‌ಮೇಲನ್ನು ಬೇರೆಯವರಿಗೆ ಒಪ್ಪಿಸಿದರು. ಎಕ್ಸ್‌ಜೆಡ್ ಪ್ರಸಂಗದಲ್ಲಿ ನಡೆದದ್ದೂ ಅದೇ ಐದನೆಯ ಪಾಠ: ದಣಿದವನೊಬ್ಬ ಸಮರ್ಥನಂತೆ ಕಂಡವನಿಗೆ ಸೊತ್ತು ಒಪ್ಪಿಸಿದ. ಇಡೀ ಸಂಚು ಕೂತಿದ್ದದ್ದು ಈ ಸದ್ಗುಣದ ಮೇಲೆ. ಒಂದು ಪಠ್ಯದ ಅತ್ಯಂತ ಸಾಧು ವಾಕ್ಯದಲ್ಲಿ ಅದರ ಅತ್ಯಂತ ಅಪಾಯದ ಬಿರುಕು ಇರುತ್ತದೆ ಎಂಬುದಕ್ಕೆ ತರಗತಿಯಲ್ಲಿ ಉದಾಹರಣೆ ಹುಡುಕುವವರು ಇದನ್ನು ಬಳಸಿಕೊಳ್ಳಬಹುದು.

ಇನ್ನೊಂದು ವಿವರ ನನ್ನನ್ನು ಬಹಳ ಕಾಡಿತು. ರೇಮಂಡ್ ತಮ್ಮ ವಾದದ ಕೊನೆಯ ಭಾಗದಲ್ಲಿ ರಷ್ಯಾದ ಅರಾಜಕತಾವಾದಿ ಕ್ರೊಪಾಟ್ಕಿನ್ ಅವರ ಆತ್ಮಕಥೆಯ ಒಂದು ಭಾಗವನ್ನು ತರುತ್ತಾರೆ. ಜೀತದ ಒಕ್ಕಲುಗಳನ್ನು ಇಟ್ಟುಕೊಂಡ ಮನೆತನದಲ್ಲಿ ಹುಟ್ಟಿ ಬೆಳೆದ ಕ್ರೊಪಾಟ್ಕಿನ್ ಆಜ್ಞೆ, ಗದರಿಕೆ, ಶಿಕ್ಷೆಗಳೇ ಕೆಲಸ ಮಾಡಿಸುವ ದಾರಿ ಎಂದು ನಂಬಿದ್ದವರು, ನಿಜವಾದ ಜನರೊಡನೆ ದೊಡ್ಡ ಕೆಲಸಕ್ಕೆ ಇಳಿದಾಗ ಪರಸ್ಪರ ತಿಳಿವಳಿಕೆಯ ದಾರಿ ಬೇರೆಯೇ ಎಂದು ಕಂಡುಕೊಂಡರು ಎಂಬ ಪ್ರಸಂಗ. ತೆರೆದ ತಂತ್ರಾಂಶ ಈ ಎರಡನೆಯ ದಾರಿ ಎಂಬುದು ರೇಮಂಡ್ ಅವರ ಸೂಚನೆ. ಆಳುವವನೇ ಇಲ್ಲವಾದ್ದರಿಂದ ಜೀತವೂ ಇಲ್ಲ. ಆ ಜಾಗದಲ್ಲಿ ನನಗೆ ಕನ್ನಡದ ಒಂದು ಪದ ಅಡ್ಡ ಬಂತು.

ಇಂಗ್ಲಿಷಿನ 'ಫ್ರೀ' ಪದದ ಗೋಳು ಎಲ್ಲರಿಗೂ ಗೊತ್ತು. 1983ರಲ್ಲಿ ಸ್ಟಾಲ್ಮನ್ ತಮ್ಮ ಜಿಎನ್‌ಯು ಯೋಜನೆ ಘೋಷಿಸಿದಾಗಿನಿಂದ ಅವರ ಅರ್ಧ ಆಯಸ್ಸು ಅದು ಬೆಲೆಯ ಮಾತಲ್ಲ, ಸ್ವಾತಂತ್ರ್ಯದ ಮಾತು ಎಂದು ಬಿಡಿಸಿ ಹೇಳುವುದರಲ್ಲೇ ಕಳೆಯಿತು. 1998ರ ಫೆಬ್ರವರಿಯಲ್ಲಿ ಕ್ರಿಸ್ಟೀನ್ ಪೀಟರ್ಸನ್ ಸೂಚಿಸಿದ 'ಓಪನ್ ಸೋರ್ಸ್' ಎಂಬ ಹೆಸರು ಗೆದ್ದದ್ದಕ್ಕೆ ಈ ಗೊಂದಲವೂ ಒಂದು ಕಾರಣ. ಕನ್ನಡದಲ್ಲಿ ಆ ತಾಪತ್ರಯವಿಲ್ಲ: ಉಚಿತ ಬೇರೆ, ಸ್ವತಂತ್ರ ಬೇರೆ, ಮುಕ್ತ ಬೇರೆ. ಇದನ್ನು ನಮ್ಮ ಭಾಷೆಯ ಹಿರಿಮೆ ಎಂದು ಭಾಷಣ ಮಾಡುವವರಿದ್ದಾರೆ. ಆದರೆ ಆಡುಮಾತಿನಲ್ಲಿ ನಾವು ಈ ಮೂರನ್ನೂ ಬಿಟ್ಟು ನಾಲ್ಕನೆಯದನ್ನು ಬಳಸುತ್ತೇವೆ. "ಬಿಟ್ಟಿ ಸಿಗ್ತದೆ ಸರ್, ಹಾಕ್ಕೊಳ್ಳಿ." ಬಿಟ್ಟಿ ಎಂಬುದು ಸಂಸ್ಕೃತದ ವಿಷ್ಟಿಯ ತದ್ಭವ. ಅದರ ಹಳೆಯ ಅರ್ಥ ಕೂಲಿ ಕೊಡದೆ ಮಾಡಿಸಿಕೊಳ್ಳುವ ಕಡ್ಡಾಯದ ದುಡಿಮೆ. ನಮ್ಮ ಶಾಸನಗಳಲ್ಲಿ ಅದು ಸಿಗುವುದು ಈ ಅರ್ಥದಲ್ಲೇ. ಬಿಟ್ಟಿ ಚಾಕರಿ ಎಂಬ ಮಾತಿನಲ್ಲಿ ಇವತ್ತಿಗೂ ಅದು ಉಳಿದಿದೆ. ಪಡೆಯುವವನ ಕಡೆಯಿಂದ ನೋಡಿದರೆ ಬಿಟ್ಟಿ ಎಂದರೆ ದುಡ್ಡಿಲ್ಲದೆ ಬಂದದ್ದು. ಮಾಡುವವನ ಕಡೆಯಿಂದ ನೋಡಿದರೆ ಬಿಟ್ಟಿ ಎಂದರೆ ದುಡ್ಡಿಲ್ಲದೆ ಹೋದದ್ದು. ಸ್ಟಾಲ್ಮನ್ ಮತ್ತು ರೇಮಂಡ್ ಮೂವತ್ತು ವರ್ಷ ವಾದಿಸಿದ ಎರಡು ಅರ್ಥಗಳ ನಡುವೆ ಕಾಣದೇ ಹೋದದ್ದು ಈ ಎರಡನೆಯ ಮುಖ. ಎಕ್ಸ್‌ಜೆಡ್ ನೋಡಿಕೊಳ್ಳುತ್ತಿದ್ದವರಿಗೆ ಬಂದ ಒತ್ತಡದ ಪತ್ರಗಳನ್ನು ಓದಿದಾಗ ಅವುಗಳ ದನಿ ನನಗೆ ಚೆನ್ನಾಗಿ ಪರಿಚಿತವೆನಿಸಿತು. ಕೂಲಿ ಕೊಡದವನು ಕೆಲಸ ತಡವಾಯಿತೆಂದು ಗದರುವ ದನಿ ಅದು. ಸಂಚಿನವರು ಆ ದನಿಯನ್ನು ಹೊಸದಾಗಿ ಹುಟ್ಟಿಸಬೇಕಾಗಿರಲಿಲ್ಲ, ಸುತ್ತಲೂ ಇದ್ದದ್ದನ್ನು ಅನುಕರಿಸಿದರೆ ಸಾಕಾಗಿತ್ತು. ಅನುಮಾನ ಬಾರದೇ ಹೋದದ್ದು ಅದಕ್ಕೇ.

ಕಡ್ಡಾಯವಿಲ್ಲವಲ್ಲ, ಇಷ್ಟಪಟ್ಟು ಮಾಡುತ್ತಾರಲ್ಲ ಎಂದು ನೀವು ಕೇಳಬಹುದು. ನಿಜ, ಶುರು ಮಾಡುವಾಗ ಇಷ್ಟವೇ. 1991ರಲ್ಲಿ ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ ಟೊರ್ವಾಲ್ಡ್ಸ್ ಲಿನಕ್ಸ್ ಬರೆಯಲು ಕೂತಾಗ ಯಾರೂ ಅವರ ಕುತ್ತಿಗೆಯ ಮೇಲೆ ಕೂತಿರಲಿಲ್ಲ. ಹತ್ತನೆಯ ವರ್ಷಕ್ಕೆ, ಲಕ್ಷಾಂತರ ಜನ ನೆಚ್ಚಿಕೊಂಡ ಮೇಲೆ, ನಿಲ್ಲಿಸುತ್ತೇನೆ ಎನ್ನಲು ಆಗುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಲಿನಕ್ಸ್‌ಗೆ ಇವತ್ತು ದೊಡ್ಡ ಕಂಪನಿಗಳ ಸಂಬಳದ ಇಂಜಿನಿಯರುಗಳಿದ್ದಾರೆ. ಗೋಡೆಯೊಳಗಿನ ಪೈಪುಗಳಿಗೆ ಇಲ್ಲ. ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡ ಪುಸ್ತಕ ನಾಡಿಯಾ ಎಘ್‌ಬಾಲ್ ಅವರ 2020ರ 'ವರ್ಕಿಂಗ್ ಇನ್ ಪಬ್ಲಿಕ್'. ಅವರಿಗೆ ತೆರೆದ ತಂತ್ರಾಂಶ ಸಂತೆಯಾಗಿ ಕಾಣುವುದಿಲ್ಲ. ಅದರ ಒಂದು ಬಗೆಯನ್ನು ಅವರು ಕ್ರೀಡಾಂಗಣಕ್ಕೆ ಹೋಲಿಸುತ್ತಾರೆ. ನಡುವೆ ಒಬ್ಬಿಬ್ಬರು ಆಡುತ್ತಾರೆ, ಸುತ್ತ ಸಾವಿರಾರು ಜನ ಕೂತು ಕೂಗುತ್ತಾರೆ. ಅಲ್ಲಿ ಕಡಿಮೆ ಬೀಳುವುದು ಆ ಒಬ್ಬಿಬ್ಬರ ಗಮನ. ಸಹಾಯ ಮಾಡುತ್ತೇನೆಂದು ಬರುವ ಪ್ರತಿಯೊಬ್ಬನೂ ಮೊದಲು ಅದನ್ನೇ ತಿನ್ನುತ್ತಾನೆ ಎಂಬುದು ಅವರ ವಾದ. ರೇಮಂಡ್ ಅವರ ಗದ್ಯದ ಲವಲವಿಕೆ ಈ ಪುಸ್ತಕಕ್ಕಿಲ್ಲ. ಕೆಲವು ಅಧ್ಯಾಯಗಳು ವರದಿಯ ಹಾಗೆ ಒಣಗಿವೆ, ಒಂದೂ ಮಾತು ಗಾದೆಯಾಗುವ ಲಕ್ಷಣವಿಲ್ಲ. ನಮ್ಮ ಹುಡುಗ ಅದರ ಹೆಸರೂ ಕೇಳಿರಲಿಲ್ಲ. ಆದರೂ ಎರಡರಲ್ಲಿ ಒಂದನ್ನೇ ಓದಬೇಕೆಂದರೆ ಎಘ್‌ಬಾಲ್ ಅವರನ್ನು ಓದಿ ಎನ್ನುತ್ತೇನೆ.

ಕನ್ನಡ ಓದುವವರಿಗೆ ಇದೆಲ್ಲ ದೂರದ ಊರಿನ ಕಥೆ ಎನಿಸಬಾರದು. 2003ರಲ್ಲಿ ನನ್ನ ಪಿಎಚ್.ಡಿ. ಪ್ರಬಂಧವನ್ನು ಡಿಟಿಪಿ ಅಂಗಡಿಯೊಂದರಲ್ಲಿ ಟೈಪು ಮಾಡಿಸಿ ಸಿ.ಡಿ.ಯಲ್ಲಿ ಇಟ್ಟುಕೊಂಡಿದ್ದೆ. ಹತ್ತು ವರ್ಷದ ನಂತರ ತೆರೆದರೆ ಬಂದದ್ದು ಇಂಗ್ಲಿಷ್ ಅಕ್ಷರ, ಆಶ್ಚರ್ಯಸೂಚಕ, ಡಾಲರ್ ಗುರುತುಗಳ ಕಲಸುಮೇಲೋಗರ. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದವು; ಆ ಫಾಂಟು ಇಲ್ಲದ ಕಡೆ ಬರಹವೂ ಇಲ್ಲ. ತಂತ್ರಾಂಶದ ಹೆಸರು ಬೇಡ, ಆಗ ಅನೇಕರು ಮಾಡುತ್ತಿದ್ದದ್ದು ಅದನ್ನೇ. ಐದು ವರ್ಷದ ಕ್ಷೇತ್ರಕಾರ್ಯ ನನ್ನ ಕಣ್ಣೆದುರೇ ಓದಲಾಗದ ಲಿಪಿಯಾಗಿ ಕೂತಿತ್ತು. ಕೊನೆಗೆ ಅದನ್ನು ಯೂನಿಕೋಡ್‌ಗೆ ತಂದುಕೊಟ್ಟದ್ದು ಯಾರೋ ಒಬ್ಬರು ತಮ್ಮ ಬಿಡುವಿನಲ್ಲಿ ಬರೆದು ಬೀದಿಗೆ ಬಿಟ್ಟ ಪುಟ್ಟ ಪರಿವರ್ತಕ. ಅರ್ಧ ನಿಮಿಷದ ಕೆಲಸ. ನಾನು ಆ ಮನುಷ್ಯನಿಗೆ ಒಂದು ಸಾಲು ಬರೆಯಲಿಲ್ಲ. ಬಿಟ್ಟಿ ಸಿಕ್ಕಿತ್ತಲ್ಲ.

ಈ ಸಾಲನ್ನು ನೀವು ಕ್ರೋಮ್, ಫೈರ್‌ಫಾಕ್ಸ್ ಅಥವಾ ಆಂಡ್ರಾಯ್ಡ್ ಫೋನಿನಲ್ಲಿ ಓದುತ್ತಿದ್ದರೆ ನಿಮ್ಮ ಕಣ್ಣೆದುರಿನ ಒತ್ತಕ್ಷರಗಳನ್ನು ಜೋಡಿಸುತ್ತಿರುವುದು ಹಾರ್ಫ್‌ಬಜ್ ಎಂಬ ತೆರೆದ ತಂತ್ರಾಂಶ. 'ಸ್ತ್ರೀ' ಎಂಬುದು ಕಂಪ್ಯೂಟರಿನ ಒಳಗೆ ಸ, ತ, ರ ಮತ್ತು ನಡುವಿನ ಹಲಂತಗಳ ಸರಪಳಿ. ಯಾವುದು ಮೇಲೆ ಕೂರಬೇಕು, ಯಾವುದು ಪಾದದಡಿ ಇಳಿಯಬೇಕು ಎಂದು ಪ್ರತಿ ಬಾರಿಯೂ ಯಾರಾದರೂ ತೀರ್ಮಾನಿಸಬೇಕು. 'ಸೂರ್ಯ'ದಲ್ಲಿ ಮೊದಲು ಉಚ್ಚರಿಸುವ ರಕಾರವನ್ನು ಅರ್ಕಾವತ್ತಾಗಿ ಯಕಾರದ ಆಚೆಗೆ ಕಳಿಸಬೇಕು. ಈ ಕೆಲಸದ ಹೆಸರನ್ನು ನಮ್ಮ ಯಾವ ಸಾಹಿತ್ಯ ಚರಿತ್ರೆಯಲ್ಲೂ ನಾನು ಕಂಡಿಲ್ಲ. ಅದರ ಮುಖ್ಯ ಕರ್ತೃ ಬೆಹ್ದಾದ್ ಇಸ್ಫಹ್‌ಬೋದ್ ಇರಾನ್ ಮೂಲದವರು. ಆ ಹೆಸರೂ ಪಾರ್ಸಿಯದು.

ಹುಡುಗ ಮೊನ್ನೆ ಮತ್ತೆ ಬಂದಿದ್ದ. ಅವನು ತನ್ನ ಪರದೆಗೆ ಹಾಕಿಕೊಂಡ ಒಂದು ಮುಕ್ತ ಫಾಂಟಿನಲ್ಲಿ 'ರ‍್ಯಾಂಕ್' ಎಂದು ಬರೆದರೆ ಅದು 'ಸೂರ್ಯ'ದ ರೀತಿ ಅರ್ಕಾವತ್ತು ಹಾಕಿಕೊಂಡು ನಿಲ್ಲುತ್ತಿತ್ತಂತೆ. ನಾನು ಕೊಟ್ಟ ತಲೆನೋವಿನಿಂದಲೋ ಏನೋ, ಬೈಯುವ ಬದಲು ತಪ್ಪನ್ನು ವಿವರಿಸಿ ಫಾಂಟ್ ಮಾಡಿದವರಿಗೆ ಬರೆದಿದ್ದ. ಮೂರು ವಾರದ ನಂತರ ಉತ್ತರ ಬಂದಿತ್ತು. ಅವರಿಗೆ ಕನ್ನಡ ಬರುವುದಿಲ್ಲ. ತಡವಾದದ್ದಕ್ಕೆ ಕ್ಷಮೆ ಕೇಳಿ, ಈ ಎರಡೂ ರೂಪ ಕನ್ನಡದಲ್ಲಿ ಯಾವಾಗ ಬರುತ್ತವೆ, ಓದುವವರು ವ್ಯತ್ಯಾಸ ಗುರುತಿಸುತ್ತಾರೆಯೇ, ಹಳೆಯ ಅಚ್ಚಿನ ಪುಸ್ತಕಗಳಲ್ಲಿ ಹೇಗಿದೆ, ಒಂದಿಷ್ಟು ಉದಾಹರಣೆ ಕೊಡಬಹುದೇ ಎಂದು ಕೇಳಿದ್ದರು.

"ನನಗೆ ಕೋಡ್ ಗೊತ್ತು ಸರ್, ಅರ್ಕಾವತ್ತು ಗೊತ್ತಿಲ್ಲ" ಎಂದ. "ನೀವು ಬರೆದುಕೊಡ್ತೀರಾ?"

ಭಾನುವಾರ ಕಪಾಟಿನಿಂದ ಹಳೆಯ ಪುಸ್ತಕಗಳನ್ನು ಕೆಳಗಿಳಿಸಿ ಕೂತೆವು. ನಾನು ಹುಡುಕಿ ಬೆರಳಿಡುತ್ತಿದ್ದೆ, ಅವನು ಫೋನಿನಲ್ಲಿ ಫೋಟೋ ತೆಗೆಯುತ್ತಿದ್ದ. ಹನ್ನೊಂದು ಉದಾಹರಣೆ ಸಿಕ್ಕುವಷ್ಟರಲ್ಲಿ ಊಟದ ಹೊತ್ತಾಗಿತ್ತು.